ಚಿತ್ರದ ಮೇಲಿನ ಹೆಸರು ಯಾರ ಹೊಣೆ?

ಬೋಧನಾಭ್ಯಾಸದ ಪಾಠಗಳನ್ನು ನೋಡಲು ಕೊಡೇಕಲ್ ಭಾಗದ ಶಾಲೆಗಳಿಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲು ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ಊರು ಅದು. ಬೆಳಗಿನ ಬಸ್ಸು ಸಿಕ್ಕರೆ ಮೊದಲ ಅವಧಿಗೆ ಮುಟ್ಟಬಹುದು. ಅಲ್ಲಿನ ಎರಡು ಶಾಲೆಗಳಲ್ಲಿ ಒಂದೇ ವಾರದಲ್ಲಿ ನೋಡಿದ ಎರಡು ಪಾಠಗಳು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಎರಡರಲ್ಲೂ ತಪ್ಪು ಒಂದೇ. ಒಂದರಲ್ಲಿ ತರಗತಿ ನಕ್ಕಿತು, ಇನ್ನೊಂದರಲ್ಲಿ ಯಾರೂ ನಗಲಿಲ್ಲ. ನನ್ನ ಚಿಂತೆ ಇರುವುದು ಎರಡನೆಯದರ ಬಗ್ಗೆ.

ಮೊದಲನೆಯದು ಸಮಾಜ ವಿಜ್ಞಾನದ ಪಾಠ, ಕೃಷ್ಣಾ ನದಿ ಮತ್ತು ನೀರಾವರಿ. ಪ್ರಶಿಕ್ಷಣಾರ್ಥಿ ಶ್ರಮಪಟ್ಟಿದ್ದ. ನದಿಯ ಒಂದು ಖಾಲಿ ನಕ್ಷೆಯನ್ನು ವರ್ಡ್ ಕಡತದಲ್ಲಿ ಅಂಟಿಸಿ, ಆಲಮಟ್ಟಿ, ನಾರಾಯಣಪುರ, ಬಸವಸಾಗರ ಜಲಾಶಯ, ಎಡದಂಡೆ ಕಾಲುವೆ, ಕೊಡೇಕಲ್, ಹುಣಸಗಿ, ಸುರಪುರ, ಆಚೆ ದಂಡೆಗೆ ಲಿಂಗಸುಗೂರು, ಹೀಗೆ ಹೆಸರುಗಳನ್ನು ತಾನೇ ಟೈಪ್ ಮಾಡಿ ಕೂರಿಸಿದ್ದ. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಗುಂಪಿಗೊಂದರಂತೆ ಹಂಚಿದ. ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ, ನಮ್ಮೂರು ಹೊಳ್ಯಾಗ ಹೋಗ್ಯಾದ್ರಿ" ಅಂದ. ಇಡೀ ತರಗತಿ ನಕ್ಕಿತು. ನಿಜ, ಕೊಡೇಕಲ್ ಎಂಬ ಹೆಸರು ಕೃಷ್ಣೆಯ ನಟ್ಟನಡುವೆ ಬಂದು ಕೂತಿತ್ತು. ನಾರಾಯಣಪುರ ಹೊಳೆ ದಾಟಿ ರಾಯಚೂರು ಜಿಲ್ಲೆಗೆ ಹೋಗಿತ್ತು. ಪ್ರಶಿಕ್ಷಣಾರ್ಥಿಯ ಮುಖ ಕೆಂಪಾಯಿತು. ಆದರೂ ಹುಡುಗ ಜಾಣ, ಕೂಡಲೇ "ಹಾಗಾದರೆ ನಮ್ಮೂರು ಎಲ್ಲಿರಬೇಕು, ನೀವೇ ತೋರಿಸಿ" ಎಂದು ಪಾಠವನ್ನು ತಿರುಗಿಸಿಕೊಂಡ. ಮಕ್ಕಳೇ ಪೆನ್ಸಿಲ್ ಹಿಡಿದು ಹೆಸರುಗಳನ್ನು ಸರಿಯಾದ ಜಾಗಕ್ಕೆ ಬಾಣ ಹಾಕಿ ಎಳೆದರು. ಅಂದು ನಾನು ನೋಡಿದ ಪಾಠಗಳಲ್ಲಿ ಅದೇ ಚೆನ್ನಾಗಿತ್ತು ಎಂದರೂ ತಪ್ಪಿಲ್ಲ.

ಎರಡನೆಯದು ಏಳನೆಯ ತರಗತಿಯ ವಿಜ್ಞಾನ, ಸಸ್ಯಗಳಲ್ಲಿ ಸಂತಾನೋತ್ಪತ್ತಿ. ನಾನು ಕನ್ನಡ ಬೋಧನಾ ವಿಧಾನದವನು. ವಿಜ್ಞಾನ ವಿಧಾನದ ಸಹೋದ್ಯೋಗಿ ಬೇರೆ ಶಾಲೆಗೆ ಹೋಗಿದ್ದರಿಂದ ಆ ಪಾಠವನ್ನೂ ನಾನೇ ನೋಡಬೇಕಾಯಿತು. ಇದನ್ನು ಕಾರಣವಾಗಿ ಹೇಳುತ್ತಿದ್ದೇನೆ, ನೆಪವಾಗಿ ಅಲ್ಲ. ಪ್ರಶಿಕ್ಷಣಾರ್ಥಿಯ ಧ್ವನಿ ಸ್ಪಷ್ಟವಾಗಿತ್ತು, ಪೀಠಿಕಾ ಪ್ರಶ್ನೆಗಳು ಸಹಜವಾಗಿದ್ದವು. ಪ್ರತಿ ಮಗುವಿಗೂ ಒಂದೊಂದು ಹಾಳೆ ಕೊಟ್ಟಿದ್ದಳು. ಹಾಳೆಯ ಮೇಲೆ ಹೂವಿನ ನೀಳಛೇದ, ಒಂದೊಂದು ಭಾಗದಿಂದ ಹೊರಟ ಗೆರೆ, ಗೆರೆಯ ತುದಿಗೆ ಹೆಸರು. ಆಕೆ ಹೆಸರು ಹೇಳಿದಳು, ಮಕ್ಕಳು ಬೆರಳಿಟ್ಟು ಓದಿದರು, ಆಮೇಲೆ ಚಿತ್ರವನ್ನು ಪಟ್ಟಿಯಲ್ಲಿ ಬರೆದುಕೊಂಡು ಭಾಗಗಳನ್ನು ಗುರುತಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವಲೋಕನ ಪುಸ್ತಕದಲ್ಲಿ "ಬೋಧನೋಪಕರಣ ಉತ್ತಮ, ಪ್ರತಿ ಮಗುವಿಗೂ ಪ್ರತಿ ಒದಗಿಸಿದ್ದು ಶ್ಲಾಘನೀಯ" ಎಂದು ಬರೆದೆ.

ಮಧ್ಯಾಹ್ನ ಚಹಾ ಕುಡಿಯುತ್ತ ಆ ಹಾಳೆಯನ್ನು ಸುಮ್ಮನೆ ನೋಡಿದೆ. ಅತ್ಯಂತ ಮೇಲಿನ ಹೆಸರು ಶಲಾಕಾಗ್ರ. ಅದು ಯಾವ ಗೆರೆಗೂ ತಾಗದೆ ಶೀರ್ಷಿಕೆಯ ಪಕ್ಕದಲ್ಲಿತ್ತು. ಶಲಾಕಾಗ್ರದಿಂದ ಹೊರಟ ಗೆರೆಯ ತುದಿಯಲ್ಲಿ ಪರಾಗಕೋಶ ಎಂದಿತ್ತು. ದಳದ ಗೆರೆಗೆ ಅಂಡಾಶಯ, ಅಂಡಾಶಯದ ಗೆರೆಗೆ ಪುಷ್ಪಪತ್ರ. ಕೆಳಗಿನ ಗೆರೆಗೆ ಹೆಸರೇ ಇರಲಿಲ್ಲ. ಎಲ್ಲ ಹೆಸರುಗಳೂ ಒಂದೊಂದು ಮನೆ ಮೇಲೆ ಹತ್ತಿದ್ದವು. ಆಕೆಯನ್ನು ಕರೆದು ತೋರಿಸಿದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಸರಿಯಾಗಿತ್ತು, ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತದೆಂದು ಅಂಗಡಿಯಿಂದ ಪ್ರಿಂಟು ತೆಗೆದುಕೊಂಡು ನೋಡದೆ ಚೀಲಕ್ಕೆ ಹಾಕಿಕೊಂಡೆ ಅಂದಳು. ಸುಳ್ಳಲ್ಲ, ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇತ್ತು.

ನಲವತ್ತಕ್ಕೂ ಹೆಚ್ಚು ಮಕ್ಕಳು ದಳಕ್ಕೆ ಅಂಡಾಶಯ ಎಂದು ಬರೆದುಕೊಂಡರು, ಒಬ್ಬರೂ ಪ್ರಶ್ನಿಸಲಿಲ್ಲ. ಏಕೆ ಪ್ರಶ್ನಿಸುತ್ತಾರೆ? ಕೊಡೇಕಲ್ ಎಲ್ಲಿದೆ ಎಂಬುದು ಆ ಹುಡುಗನಿಗೆ ಗೊತ್ತು, ಹೊಳೆ ಎಲ್ಲಿದೆ ಎಂಬುದೂ ಗೊತ್ತು. ಹೆಸರು ತಪ್ಪು ಜಾಗದಲ್ಲಿದ್ದರೆ ಅವನು ನಗಬಲ್ಲ. ಅಂಡಾಶಯ ಎಂಬ ಮಾತನ್ನು ಆ ಮಕ್ಕಳು ಕೇಳುತ್ತಿದ್ದುದೇ ಅಂದು ಮೊದಲ ಬಾರಿ. ಆ ಮಾತು ಯಾವ ವಸ್ತುವಿನದು ಎಂದು ಹೇಳಲು ಅವರ ಬಳಿ ಇದ್ದುದು ಆ ಗೆರೆಯೊಂದೇ. ಗೆರೆ ತಪ್ಪಿದರೆ ಅದನ್ನು ತಪ್ಪೆಂದು ಹೇಳುವ ಬೇರೆ ಸಾಕ್ಷಿ ಅವರಿಗಿಲ್ಲ. ನಾವು ಕಲಿಸಲು ಹೊರಟಿರುವ ವಿಷಯದಲ್ಲಿಯೇ, ಕಲಿಸಲು ಹೊರಟಿರುವ ಕಾರಣಕ್ಕೇ, ಮಗು ನಮ್ಮ ತಪ್ಪನ್ನು ಹಿಡಿಯಲಾರದು. ಅದಕ್ಕಾಗಿ ಚಿತ್ರದ ಮೇಲಿನ ಹೆಸರನ್ನು ಅಲಂಕಾರದ ಲೆಕ್ಕಕ್ಕೆ ಹಾಕಬಾರದು, ಅದು ಪಾಠದ ವಿಷಯಾಂಶವೇ ಆಗಿದೆ ಎಂಬುದು ನನ್ನ ವಾದ. ವಿಷಯಾಂಶ ತಪ್ಪಿದರೆ ನಾವು ಹೇಗೆ ಅಂಕ ಕಳೆಯುತ್ತೇವೋ ಇದಕ್ಕೂ ಹಾಗೆಯೇ ಕಳೆಯಬೇಕು. ಅಂದು ಆ ಲೆಕ್ಕದಲ್ಲಿ ಮೊದಲು ಅಂಕ ಕಳೆದುಕೊಳ್ಳಬೇಕಾದವನು ನಾನೇ.

ಮುಂದಿನ ವಾರ ಮತ್ತೆ ಅದೇ ತರಗತಿಗೆ ಹೋದೆವು. ಆಕೆ ಸರಿಯಾದ ಹಾಳೆ ತಂದಿದ್ದಳು, ಜೊತೆಗೆ ಹೊಲದಿಂದ ಹತ್ತಿ ಹೂಗಳನ್ನೂ ತಂದಿದ್ದಳು. ಹೂ ಬಿಡಿಸಿ, ಬ್ಲೇಡಿನಿಂದ ಸೀಳಿ ಅಂಡಾಶಯ ತೋರಿಸಿದಳು. ಹಿಂದಿನ ಹಾಳೆ ತಪ್ಪಾಗಿತ್ತು, ತಿದ್ದಿಕೊಳ್ಳಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಅದಕ್ಕಾಗಿ ಆಕೆಯ ಬಗ್ಗೆ ನನಗೆ ಗೌರವವಿದೆ. ಒಬ್ಬ ಹುಡುಗ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೇಳಿದ: "ಮೇಡಮ್ರಿ, ಹಂಗಾದ್ರ ಪರೀಕ್ಷ್ಯಾಗ ಯಾವ್ದು ಬರೀಬೇಕ್ರಿ?" ಅವನ ಮಟ್ಟಿಗೆ ಎರಡೂ ಪ್ರಿಂಟೇ, ಎರಡನ್ನೂ ಕೊಟ್ಟವರು ಮೇಡಮ್ಮೇ.

ಈಗ ಹೆಸರುಗಳು ಜಾರುವುದೇಕೆ ಎಂಬುದಕ್ಕೆ ಬರೋಣ. ಇದನ್ನು ಕಂಪ್ಯೂಟರಿನವರ ಕೆಲಸ ಎಂದು ಪಕ್ಕಕ್ಕಿಡುವವರು ನಮ್ಮಲ್ಲಿ ಬಹಳ. ಎನ್‌ಸಿಟಿಇ 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಯಿತು, ಐಸಿಟಿಯನ್ನು ವಿಮರ್ಶಾತ್ಮಕವಾಗಿ ತಿಳಿಯುವುದಕ್ಕೆಂದೇ ಒಂದು ಪತ್ರಿಕೆ ಬಂತು. ಆದರೆ ಆ ಪತ್ರಿಕೆಯಲ್ಲಿ ಕಂಪ್ಯೂಟರಿನ ಪೀಳಿಗೆಗಳನ್ನು ಬಾಯಿಪಾಠ ಮಾಡಿದವರು ಚಿತ್ರದ ಮೇಲೆ ಒಂದು ಹೆಸರನ್ನು ಗಟ್ಟಿಯಾಗಿ ಕೂರಿಸಲಾರರು. ಕಾರಣ ಬಹಳ ಸರಳ. ವರ್ಡ್‌ನಲ್ಲಿ ಚಿತ್ರವನ್ನು ಸೇರಿಸಿದಾಗ ಅದು ಸಾಮಾನ್ಯವಾಗಿ ಇನ್ ಲೈನ್ ವಿತ್ ಟೆಕ್ಸ್ಟ್ ಎಂಬ ಸ್ಥಿತಿಯಲ್ಲಿರುತ್ತದೆ. ಎಂದರೆ ಅದು ಸಾಲಿನಲ್ಲಿ ಕೂತ ಒಂದು ದೊಡ್ಡ ಅಕ್ಷರವಿದ್ದಂತೆ. ಮೇಲೆ ಒಂದು ಸಾಲು ಹೆಚ್ಚಾದರೆ ಅದೂ ಕೆಳಗಿಳಿಯುತ್ತದೆ. ಅದರ ಮೇಲೆ ನಾವು ಎಳೆಯುವ ಟೆಕ್ಸ್ಟ್ ಬಾಕ್ಸ್ ಅಕ್ಷರವಲ್ಲ, ಅದು ಪುಟದ ಮೇಲೆ ತೇಲುವ ವಸ್ತು. ಅದಕ್ಕೆ ಆಂಕರ್ ಎಂಬ ಒಂದು ಗೂಟವಿರುತ್ತದೆ, ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿರುತ್ತದೆ. ಆ ಪ್ಯಾರಾ ಚಿತ್ರದ ಪ್ಯಾರಾ ಆಗಿರಬೇಕೆಂದೇನೂ ಇಲ್ಲ. ಕಣ್ಣಿಗೆ ಹೆಸರು ಚಿತ್ರದ ಮೇಲಿದೆ, ಕಡತದೊಳಗೆ ಇವೆರಡಕ್ಕೂ ಸಂಬಂಧವೇ ಇಲ್ಲ.

ಹೂವಿನ ಹಾಳೆಯಲ್ಲಿ ಆದದ್ದು ಇದು. ಆಕೆಯ ಕಡತದ ಪುಟ ಲೆಟರ್ ಅಳತೆಯದು, ಅಂಗಡಿಯದು ಎ4. ಶೀರ್ಷಿಕೆಯ ಅಕ್ಷರಶೈಲಿ ಅಲ್ಲಿ ಬೇರೆಯಾಗಿ, ಒಂದು ಸಾಲಿದ್ದ ಶೀರ್ಷಿಕೆ ಎರಡು ಸಾಲಾಯಿತು. ಚಿತ್ರ ಒಂದು ಸಾಲು ಕೆಳಗೆ ಸರಿಯಿತು. ಗೆರೆಗಳು ಚಿತ್ರದ ಭಾಗವೇ ಆಗಿದ್ದರಿಂದ ಅವೂ ಇಳಿದವು. ಹೆಸರುಗಳು ಮಾತ್ರ ಇದ್ದಲ್ಲೇ ನಿಂತವು. ನಕ್ಷೆಯ ಹಾಳೆಯಲ್ಲಿ ಕಾರಣ ಇನ್ನೊಂದು. ಚಿತ್ರ ಪುಟದಲ್ಲಿ ಹಿಡಿಯುತ್ತಿಲ್ಲವೆಂದು ಅಂಗಡಿಯ ಹುಡುಗ ಉಪಕಾರ ಮಾಡಲು ಹೋಗಿ ಮೂಲೆ ಹಿಡಿದು ಸ್ವಲ್ಪ ಚಿಕ್ಕದು ಮಾಡಿದ. ನಕ್ಷೆ ಕುಗ್ಗಿತು, ಹೆಸರುಗಳು ಕುಗ್ಗಲಿಲ್ಲ, ಕೊಡೇಕಲ್ ಹೊಳೆಗೆ ಬಿತ್ತು. ಅವನ ತಪ್ಪೇನೂ ಇಲ್ಲ. ಇವೆರಡೂ ಬೇರೆ ಬೇರೆ ವಸ್ತುಗಳೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಪರಿಹಾರಕ್ಕೆ ಹತ್ತು ನಿಮಿಷ ಸಾಕು. ಮೊದಲು ಪುಟದ ಅಳತೆಯನ್ನು ಎ4 ಮಾಡಿಕೊಳ್ಳಿ. ಚಿತ್ರವನ್ನು ಆರಿಸಿ ಅದರ ರ್‍ಯಾಪ್ ಟೆಕ್ಸ್ಟ್ ಅನ್ನು ಇನ್ ಲೈನ್‌ನಿಂದ ಸ್ಕ್ವೇರ್‌ಗೆ ಬದಲಿಸಿ. ಸಾಲಿನೊಳಗೆ ಕೂತ ಚಿತ್ರವನ್ನು ಟೆಕ್ಸ್ಟ್ ಬಾಕ್ಸ್ ಜೊತೆ ಗುಂಪು ಮಾಡಲು ಬರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಆಮೇಲೆ ಇನ್ಸರ್ಟ್‌ನಲ್ಲಿ ಟೆಕ್ಸ್ಟ್ ಬಾಕ್ಸ್ ಎಳೆದು ಹೆಸರು ಬರೆಯಿರಿ. ಅದರ ಬಿಳಿ ತುಂಬುವಿಕೆಯನ್ನೂ ಸುತ್ತಲ ಗೆರೆಯನ್ನೂ ತೆಗೆದುಬಿಡಿ, ಇಲ್ಲವಾದರೆ ಹೆಸರಿನ ಹಿಂದಿನ ಚಿತ್ರ ಮುಚ್ಚಿಹೋಗುತ್ತದೆ. ಗೆರೆಯನ್ನು ಶೇಪ್ಸ್‌ನಿಂದ ನೀವೇ ಎಳೆಯಿರಿ. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಒತ್ತಿ ಹಿಡಿದು ಚಿತ್ರ, ಹೆಸರು, ಗೆರೆ ಒಂದೊಂದನ್ನೂ ಆರಿಸಿ ಗ್ರೂಪ್ ಮಾಡಿ. ಕೊನೆಗೆ ಆ ಇಡೀ ಗುಂಪನ್ನು ಮತ್ತೆ ಇನ್ ಲೈನ್ ವಿತ್ ಟೆಕ್ಸ್ಟ್‌ಗೆ ತನ್ನಿ. ಈಗ ಅದು ಒಂದೇ ಅಕ್ಷರ. ಹೋದರೆ ಎಲ್ಲವೂ ಕೂಡಿ ಹೋಗುತ್ತವೆ. ಒಂದು ಎಚ್ಚರ: ಗುಂಪನ್ನು ಚಿಕ್ಕದು ಮಾಡಿದರೆ ಚಿತ್ರ ಕುಗ್ಗುತ್ತದೆಯೇ ಹೊರತು ಒಳಗಿನ ಅಕ್ಷರದ ಗಾತ್ರ ಕುಗ್ಗುವುದಿಲ್ಲ. ಹಾಗಾಗಿ ಚಿತ್ರದ ಅಳತೆಯನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಶೇಪ್ಸ್ ಪಟ್ಟಿಯ ಕೊನೆಯಲ್ಲಿ ನ್ಯೂ ಡ್ರಾಯಿಂಗ್ ಕ್ಯಾನ್ವಾಸ್ ಎಂದಿರುತ್ತದೆ. ಮೊದಲು ಅದನ್ನು ಹಾಕಿ, ಅದರೊಳಗೆ ಚಿತ್ರವನ್ನೂ ಹೆಸರುಗಳನ್ನೂ ಇಟ್ಟರೆ ಗುಂಪು ಮಾಡುವ ತಂಟೆಯೇ ಇರುವುದಿಲ್ಲ. ಗೂಗಲ್ ಡಾಕ್ಸ್ ಬಳಸುವವರು ಇನ್ಸರ್ಟ್‌ನ ಡ್ರಾಯಿಂಗ್ ಒಳಗೆ ಇದನ್ನೇ ಮಾಡಬಹುದು. ಲಿಬ್ರೆಆಫೀಸ್ ಇರುವವರು ಅದರದೇ ಡ್ರಾ ತಂತ್ರಾಂಶದಲ್ಲಿ ಹೆಸರಿಸಿ ತರುವುದು ಸುಲಭ. ಯಾವುದೇ ಆಗಲಿ, ಅಂಗಡಿಗೆ ವರ್ಡ್ ಕಡತವನ್ನು ವಾಟ್ಸಾಪ್ ಮಾಡಬೇಡಿ, ಪಿಡಿಎಫ್ ಮಾಡಿ ಕಳಿಸಿ. ಮೂಲ ಕಡತ ನಿಮ್ಮ ಹತ್ತಿರ ಇರಲಿ. ಪ್ರಿಂಟು ಕೈಗೆ ಬಂದ ಮೇಲೆ ಅಲ್ಲೇ ನಿಂತು ಒಂದೊಂದು ಗೆರೆಯ ಮೇಲೂ ಬೆರಳಿಡಿ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿದೆ.

ಪಿಡಿಎಫ್ ಮಾತು ಬಂದದ್ದಕ್ಕೆ ಅಕ್ಷರಶೈಲಿಯ ಕಥೆಯನ್ನೂ ಹೇಳಬೇಕು. ನಮ್ಮ ಕಚೇರಿ ಕಡತಗಳಲ್ಲಿ ನುಡಿ ಇನ್ನೂ ಗಟ್ಟಿಯಾಗಿ ಕೂತಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದನ್ನು ಆ ಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಕೊಡೇಕಲ್ ಬಸವಣ್ಣನವರ ಪರಂಪರೆಯ ಕಾಲಜ್ಞಾನದ ಹಸ್ತಪ್ರತಿಗಳು ಅಮರಗನ್ನಡ ಎಂಬ ಗೂಢಲಿಪಿಯಲ್ಲಿರುವುದನ್ನು ಈ ಭಾಗದವರೆಲ್ಲ ಕೇಳಿರುತ್ತಾರೆ. ಆ ಲಿಪಿ ಬಲ್ಲವರಿಗೆ ಮಾತ್ರ ಅದು ಕನ್ನಡ. ಅಲ್ಲಿ ಗೂಢತೆ ಉದ್ದೇಶಪೂರ್ವಕ. ನಮ್ಮ ಪಾಠಯೋಜನೆಗಳು ಉದ್ದೇಶವಿಲ್ಲದೆಯೇ ಅಮರಗನ್ನಡವಾಗುತ್ತಿವೆ. ಚಿತ್ರದ ಹೆಸರುಗಳನ್ನಾದರೂ ಯೂನಿಕೋಡಿನಲ್ಲಿ ಬರೆಯಿರಿ. ನುಡಿಯ ಹೊಸ ಆವೃತ್ತಿಗಳಲ್ಲಿಯೇ ಆ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ಅದೇ ಕೆ.ಪಿ. ರಾವ್ ಅವರದು, ಬೆರಳು ಹೊಸದಾಗಿ ಕಲಿಯಬೇಕಾದ್ದೇನೂ ಇಲ್ಲ.

ಈ ಮಾತನ್ನು ನಮ್ಮ ಸಿಬ್ಬಂದಿ ಸಭೆಯಲ್ಲಿ ಎತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಇಷ್ಟೆಲ್ಲ ಯಾಕ್ರೀ? ಡ್ರಾಯಿಂಗ್ ಹಾಳಿ ತಗೊಂಡು ಸ್ಕೆಚ್‌ಪೆನ್ನಿಲೆ ಬರದ್ರ ಹೆಸರು ಎಲ್ಲಿಗೂ ಓಡೂದಿಲ್ಲ" ಅಂದರು. ಅವರ ಮಾತಿನಲ್ಲಿ ಸತ್ಯವಿದೆ. ಕೈಯಿಂದ ಬರೆದ ಚಾರ್ಟಿನಲ್ಲಿ ಹೆಸರು ಜಾರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೆಸರು ಬರೆಯುವ ಹೊತ್ತಿಗೆ ಬರೆಯುವವರ ಕಣ್ಣು ಆ ಭಾಗದ ಮೇಲೆಯೇ ಇರುತ್ತದೆ. ರೋಲ್ ಅಪ್ ಬೋರ್ಡಿನ ಕಾಲದಲ್ಲಿ ಕಲಿತ ನಮಗೆ ಅದರ ಬೆಲೆ ಗೊತ್ತು. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಚಾರ್ಟಿನ ಅಕ್ಷರ ಕಾಣುವುದಿಲ್ಲ. ಕೈಗೊಂದು ಹಾಳೆ ಬಂದಾಗ ಮಗು ಬೆರಳಿಡಬಲ್ಲದು. ಅದೇ ಹಾಳೆಯಿಂದ ಹೆಸರುಗಳನ್ನು ಅಳಿಸಿ ಮರುದಿನ ಮೌಲ್ಯಮಾಪನಕ್ಕೆ ಬಳಸಬಹುದು. ಮುಂದಿನ ವರ್ಷ ಬರುವ ಪ್ರಶಿಕ್ಷಣಾರ್ಥಿ ಅದನ್ನು ತಿದ್ದಿ ಬೆಳೆಸಬಹುದು. ಚಾರ್ಟು ಕೊನೆಗೆ ಸೇರುವುದು ಕಾಲೇಜಿನ ಅಟ್ಟಕ್ಕೆ. ಹಾಗೆಂದು ಕೈ ಚಿತ್ರ ಬೇಡವೆಂದಲ್ಲ. ಮೊದಲು ಕಾಗದದ ಮೇಲೆ ಕೈಯಿಂದ ಬರೆದು ಹೆಸರಿಸಿ, ಅದನ್ನು ಎದುರಿಗಿಟ್ಟುಕೊಂಡೇ ಗಣಕದಲ್ಲಿ ಕೂರಿಸಿರಿ ಎಂದು ನಾನು ಈಗ ಹೇಳುತ್ತಿದ್ದೇನೆ.

ಇನ್ನೊಂದು ಸಲಹೆ ಯುವ ಸಹೋದ್ಯೋಗಿಯದು. ಚಿತ್ರದ ಮೇಲೆ ಹೆಸರೇ ಬೇಡ, 1, 2, 3 ಎಂದು ಅಂಕಿ ಹಾಕಿ ಕೆಳಗೆ ಕೋಷ್ಟಕದಲ್ಲಿ ಹೆಸರು ಕೊಟ್ಟರಾಯಿತು ಎಂದರು. ಇದಕ್ಕೆ ದೊಡ್ಡ ವಂಶವಿದೆ. ಶಿಕ್ಷಣ ತತ್ವಶಾಸ್ತ್ರದ ಪತ್ರಿಕೆಯಲ್ಲಿ ನಾವು ಓದುವ ಕಮೀನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಸಚಿತ್ರ ಪುಸ್ತಕದಲ್ಲಿ ಮಾಡಿದ್ದು ಇದನ್ನೇ. ಚಿತ್ರದಲ್ಲಿ ಒಂದೊಂದು ವಸ್ತುವಿಗೂ ಅಂಕಿ, ಅದೇ ಅಂಕಿಯೊಡನೆ ಲ್ಯಾಟಿನ್ನಿನಲ್ಲಿಯೂ ಜರ್ಮನ್ನಿನಲ್ಲಿಯೂ ಅದರ ಹೆಸರು. ಎರಡು ಭಾಷೆ ಕಲಿಸಬೇಕಾದಲ್ಲಿ ಅದು ಬಹಳ ಒಳ್ಳೆಯ ಉಪಾಯ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ಅಂಕಿಯ ಮುಂದೆ ಕನ್ನಡದ ಹೆಸರು, ಅದರ ಪಕ್ಕದಲ್ಲಿ ಮನೆಯ ಹೆಸರು ಬರೆಸಬಹುದು. ಅಂಕಿ ಚಿಕ್ಕದಾದ್ದರಿಂದ ಜಾರುವ ಭಯವೂ ಕಡಿಮೆ, ಚಿತ್ರವೂ ತುಂಬಿಹೋಗುವುದಿಲ್ಲ.

ಆದರೆ ಹೊಸ ಪಾಠದ ಮೊದಲ ದಿನ ನಾನು ಅಂಕಿಯನ್ನು ಒಪ್ಪುವುದಿಲ್ಲ. ಮಗುವಿನ ಕಣ್ಣು ಚಿತ್ರದಿಂದ ಕೋಷ್ಟಕಕ್ಕೆ, ಕೋಷ್ಟಕದಿಂದ ಚಿತ್ರಕ್ಕೆ ಓಡಾಡುವುದರಲ್ಲೇ ಅರ್ಧ ಗಮನ ಖರ್ಚಾಗುತ್ತದೆ. ಜಾನ್ ಸ್ವೆಲ್ಲರ್ ಇದನ್ನು ವಿಭಜಿತ ಗಮನದ ಪರಿಣಾಮ ಎಂದು ವಿವರಿಸಿದ್ದಾರೆ. ರಿಚರ್ಡ್ ಮೇಯರ್ ಕೂಡ ಚಿತ್ರ ಮತ್ತು ಅದಕ್ಕೆ ಸಂಬಂಧಿಸಿದ ಪದಗಳು ಪುಟದಲ್ಲಿ ಹತ್ತಿರವಿದ್ದಾಗ ಕಲಿಕೆ ಹೆಚ್ಚು ಎಂದು ತಮ್ಮ ಪ್ರಯೋಗಗಳಿಂದ ತೋರಿಸಿದ್ದಾರೆ. ಪಠ್ಯದ ಮಾತು ಬಿಟ್ಟರೂ, ಒಂದು ಸಲ ನೀವೇ ಮಗುವಿನ ಪಕ್ಕ ಕೂತು ಆ ಬೆರಳಿನ ಓಡಾಟವನ್ನು ನೋಡಿದರೆ ಸಾಕು. ಆದ್ದರಿಂದ ಕಲಿಸುವ ದಿನ ಹೆಸರು ಭಾಗದ ಪಕ್ಕದಲ್ಲಿಯೇ ಇರಲಿ. ಪುನರಾವರ್ತನೆಯ ದಿನ ಅಂಕಿ, ಪರೀಕ್ಷೆಯ ದಿನ ಖಾಲಿ ಗೆರೆ. ಒಂದೇ ಕಡತದ ಮೂರು ಪ್ರತಿ, ಹೆಚ್ಚಿನ ಕೆಲಸವೇನೂ ಅಲ್ಲ.

ನನಗೆ ಹೆಚ್ಚು ಬೇಸರ ತರಿಸುವುದು ಸಿದ್ಧ ಚಿತ್ರಗಳು. ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಧದಷ್ಟು ಜನ ಹೆಸರು ಕೂರಿಸುವ ತೊಂದರೆಯನ್ನೇ ತೆಗೆದುಕೊಳ್ಳುವುದಿಲ್ಲ. ಅಂತರ್ಜಾಲದಿಂದ ಇಂಗ್ಲಿಷ್ ಹೆಸರುಗಳಿರುವ ಚಿತ್ರವನ್ನು ಇಳಿಸಿ ಹಾಗೆಯೇ ಅಂಟಿಸುತ್ತಾರೆ. ಕೇಳಿದರೆ, ಮುಂದೆ ಮಕ್ಕಳಿಗೆ ಇಂಗ್ಲಿಷ್ ಬೇಕಾಗುತ್ತದಲ್ಲ ಸರ್ ಎನ್ನುತ್ತಾರೆ. ಬೇಕಾಗುತ್ತದೆ, ಒಪ್ಪೋಣ. ಆದರೆ ಆ ಚಿತ್ರವನ್ನು ಆರಿಸಿದ್ದು ಆ ಕಾರಣಕ್ಕಲ್ಲ, ಮೊದಲು ಸಿಕ್ಕಿತು ಎಂಬ ಕಾರಣಕ್ಕೆ. ಕೆಲವರು ಇಂಗ್ಲಿಷ್ ಹೆಸರಿನ ಮೇಲೆ ಬಿಳಿ ಪೆಟ್ಟಿಗೆ ಇಟ್ಟು ಕನ್ನಡ ಬರೆಯುತ್ತಾರೆ. ಪ್ರಿಂಟಿನಲ್ಲಿ ಪೆಟ್ಟಿಗೆ ಸ್ವಲ್ಪ ಸರಿದು ಹಿಂದಿನಿಂದ ಅರ್ಧ ಇಂಗ್ಲಿಷ್ ಇಣುಕುತ್ತಿರುತ್ತದೆ.

ಸಿದ್ಧ ಚಿತ್ರದ ಇನ್ನೊಂದು ತೊಡಕು ಹತ್ತಿ ಹೂ ಬಿಡಿಸಿದ ದಿನ ಕಂಡಿತು. ಹಾಳೆಯ ಮೇಲಿನ ಹೂವಿನಲ್ಲಿ ಕೇಸರಗಳು ಬಿಡಿಬಿಡಿಯಾಗಿ ನಿಂತಿವೆ. ಹತ್ತಿ ಹೂವಿನಲ್ಲಿ, ಅದರ ನೆಂಟನಾದ ದಾಸವಾಳದಲ್ಲಿ ಕೂಡ, ಕೇಸರಗಳ ದಂಡುಗಳು ಕೂಡಿಕೊಂಡು ಕೊಳವೆಯಾಗಿ ಶಲಾಕೆಯನ್ನು ಸುತ್ತಿಕೊಂಡಿರುತ್ತವೆ. ಮಕ್ಕಳು ಕೈಯಲ್ಲಿ ಹೂ ಹಿಡಿದು ಹಾಳೆಯಲ್ಲಿದ್ದಂಥದ್ದು ಇಲ್ಲಿಲ್ಲ ಎಂದರು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿದಳು. ಹತ್ತಿ ನಮ್ಮ ಸುತ್ತ ಇಷ್ಟು ಬೆಳೆಯುವಾಗ ಒಂದು ಹೂವನ್ನು ಸೀಳಿ ಮೊಬೈಲಿನಲ್ಲಿ ಫೋಟೋ ತೆಗೆದು ಅದರ ಮೇಲೆ ಹೆಸರು ಬರೆಯುವುದಕ್ಕೆ ನಮಗೇನು ಅಡ್ಡಿ? ಇತಿಹಾಸದ ಶಿಲಾಯುಗ ಪಾಠಕ್ಕೂ ಇದೇ ಮಾತು. ಎಲ್ಲೋ ಯೂರೋಪಿನ ಕೈಗೊಡಲಿಯ ಚಿತ್ರ ಅಂಟಿಸುತ್ತೇವೆ. ಹುಣಸಗಿ ಕಣಿವೆಯಲ್ಲಿ, ಇಸಾಂಪುರದಲ್ಲಿ, ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಅವರ ತಂಡ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧ ಮಾಡುತ್ತಿದ್ದ ನೆಲೆಯನ್ನೇ ಅಗೆದು ತೆಗೆದಿದ್ದಾರೆ. ಕೊಡೇಕಲ್ಲಿನ ಮಗುವಿಗೆ ಅದು ಪಕ್ಕದ ಹಾದಿ.

ಹೆಸರು ಯಾರ ಭಾಷೆಯದು ಎಂಬುದು ನಾವು ಕೇಳಿಕೊಳ್ಳದ ಪ್ರಶ್ನೆ. ಪಟ್ಟಣದಲ್ಲಿ ಬೆಳೆದ ಪ್ರಶಿಕ್ಷಣಾರ್ಥಿಯೊಬ್ಬ ಬಿತ್ತನೆಯ ಪಾಠಕ್ಕೆ ಕೂರಿಗೆಯ ಚಿತ್ರ ತಂದಿದ್ದ. ಹೆಸರುಗಳು ಗಟ್ಟಿಯಾಗಿ ಗುಂಪಾಗಿದ್ದವು, ಒಂದೂ ಜಾರಿರಲಿಲ್ಲ. ಹಿಡಿಕೆ, ಬೀಜ ಹಾಕುವ ಪಾತ್ರೆ, ಉದ್ದನೆಯ ಕಟ್ಟಿಗೆ ಎಂದು ಬರೆದಿದ್ದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ "ಸರ, ಅದು ಮೇಳಿ" ಅಂದಳು. ಆಮೇಲೆ ಸುರಿಮಳೆ: ಬಟ್ಟಲು, ಈಸು, ದಿಂಡು, ತಾಳು, ನೊಗ. ಇಲ್ಲಿ ಹೆಸರು ಗೊತ್ತಿದ್ದವರು ಮಕ್ಕಳು, ಗೊತ್ತಿಲ್ಲದವನು ಮೇಷ್ಟ್ರು. ಇಂಥ ಚಿತ್ರಕ್ಕೆ ಮೊದಲೇ ಹೆಸರು ಟೈಪ್ ಮಾಡಿ ತರುವುದೇ ತಪ್ಪು. ಖಾಲಿ ಗೆರೆ ತಂದು ಮಕ್ಕಳಿಂದ ಹೇಳಿಸಿ ತುಂಬಿಸಬೇಕಿತ್ತು. ಎಲ್ಲಿ ಬರೆದು ತರಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬ ತೀರ್ಮಾನವನ್ನು ಯಾವ ತಂತ್ರಾಂಶವೂ ಮಾಡಿಕೊಡಲಾರದು. ಆ ತೀರ್ಮಾನ ಪಾಠಯೋಜನೆಯಲ್ಲಿ ಕಾಣಬೇಕು.

ಆಲ್ಟ್ ಟೆಕ್ಸ್ಟ್ ಎಂಬ ಇನ್ನೊಂದು ಬಗೆಯ ಹೆಸರಿದೆ, ಅದನ್ನು ನಾವು ಯಾರೂ ಮುಟ್ಟುವುದೇ ಇಲ್ಲ. ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಆ ಆಯ್ಕೆ ಬರುತ್ತದೆ. ಅಲ್ಲಿ ಬರೆದ ವಿವರಣೆ ಪುಟದ ಮೇಲೆ ಕಾಣುವುದಿಲ್ಲ. ಕಣ್ಣು ಕಾಣದವರ ಗಣಕದಲ್ಲಿರುವ ಓದುವ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ದೃಷ್ಟಿದೋಷವುಳ್ಳವರೂ ನಮ್ಮಲ್ಲಿ ಬಿ.ಎಡ್. ಓದುತ್ತಾರೆ, ಅವರಿಗೆ ನಾವು ಕೊಡುವ ಟಿಪ್ಪಣಿಗಳಲ್ಲಿ ಚಿತ್ರ ಎಂದರೆ ಬರೀ ಖಾಲಿ ಜಾಗ. ಇದರಿಂದ ಇನ್ನೊಂದು ಲಾಭವೂ ಇದೆ. ಈ ಚಿತ್ರದಲ್ಲಿ ಏನಿದೆ, ಯಾವ ಭಾಗ ಯಾವುದರ ಒಳಗಿದೆ ಎಂದು ಎರಡು ವಾಕ್ಯ ಬರೆಯಲು ಕೂತರೆ, ಚಿತ್ರವನ್ನು ನಾವು ಎಷ್ಟು ನೋಡಿದ್ದೇವೆ ಎಂಬುದು ನಮಗೇ ತಿಳಿಯುತ್ತದೆ.

ನಮ್ಮ ಅವಲೋಕನ ನಮೂನೆಯಲ್ಲಿ ಬೋಧನೋಪಕರಣಕ್ಕೆ ಒಂದೇ ಸಾಲಿದೆ: ಸೂಕ್ತತೆ, ಆಕರ್ಷಣೆ, ಬಳಕೆ. ಆಕರ್ಷಣೆ ಎಂಬ ಮಾತನ್ನು ತೆಗೆದು ಅಲ್ಲಿ "ಹೆಸರುಗಳು ಸರಿಯಾದ ಭಾಗಕ್ಕಿವೆಯೇ, ವೀಕ್ಷಕರು ಪ್ರಿಂಟನ್ನು ಪರಿಶೀಲಿಸಿದರೇ" ಎಂದು ಹಾಕಬೇಕೆಂಬುದು ನನ್ನ ಬೇಡಿಕೆ. ಎರಡನೆಯ ಅರ್ಧ ನಮಗಾಗಿ. ಪಾಠ ಆರಂಭವಾಗುವ ಮೊದಲು ಹಾಳೆಯನ್ನು ನಮ್ಮ ಕೈಗೆ ಕೊಡಬೇಕು, ನಾವು ಓದಿ ಸಹಿ ಹಾಕಬೇಕು. ವಿಷಯ ನಮ್ಮದಲ್ಲದಿದ್ದರೆ ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರಿಗೆ ತೋರಿಸಬೇಕು. ಅಂದು ಆ ತರಗತಿಯ ವಿಜ್ಞಾನ ಶಿಕ್ಷಕಿ ಪಕ್ಕದ ಕೋಣೆಯಲ್ಲೇ ಇದ್ದರು.

ಸಭೆಯಲ್ಲಿ ಕೆಲವರು ಇದರಿಂದ ವೀಕ್ಷಕರ ಕೆಲಸ ಹೆಚ್ಚುತ್ತದೆ ಎಂದರು. ಹೆಚ್ಚುತ್ತದೆ. ದಿನಕ್ಕೆ ನಾಲ್ಕು ಪಾಠ ನೋಡುವ ನಾವು ಮೂರೇ ನೋಡಬೇಕಾಗಬಹುದು. ವಿಷಯ ತೀರ್ಮಾನವಾಗದೆ ಮುಂದಿನ ಸಭೆಗೆ ಹೋಗಿದೆ. ಈ ವರ್ಷದ ಅವಲೋಕನ ಪುಸ್ತಕಗಳು ಅಷ್ಟರಲ್ಲಿ ಮುದ್ರಣವಾಗಿ ಬಂದಿದ್ದವು. ನನ್ನ ಪಾಲಿಗೆ ಬಂದ ಪುಸ್ತಕಗಳಲ್ಲಿ ಆ ಸಾಲನ್ನು ಪೆನ್ನಿನಿಂದ ಬರೆದುಕೊಂಡಿದ್ದೇನೆ, ಒಂದೊಂದು ಪುಟದಲ್ಲೂ.